ಕೂಡಿಕೊಂಡ ಶ್ರೀಕಾರ

ದೇವರ ದಯೆ ಹಳೆಯ ಪೆಟ್ಟಿಗೆಯ ಮೇಲೂ ಹೇಗಿರುತ್ತದೆ, ಕೇಳಿ. ಒಂದು ಮಠದ ಗ್ರಂಥಾಲಯದಲ್ಲಿ ಮುದಿ ಕಂಪ್ಯೂಟರೊಂದು ಸ್ತೋತ್ರಗಳನ್ನು ಅಚ್ಚಿಗೆ ಅಣಿಮಾಡುತ್ತಿತ್ತು. ಅದೇನಾಯಿತೋ, 'ಶ್ರೀ' ಬರೆಯಹೋದರೆ ಒತ್ತಕ್ಷರ ಕಳಚಿ 'ಶ್ ರೀ' ಎಂದು ಬೀಳತೊಡಗಿತು.

"ದೇವರ ಹೆಸರನ್ನೇ ಒಡೆಯುತ್ತೀಯಲ್ಲ ಅಜ್ಜಾ! ನಾಳೆ ನಿನ್ನನ್ನು ಗುಜರಿಗೆ ಹಾಕುತ್ತಾರಂತೆ," ಎಂದು ಪ್ರಿಂಟರ್ ಹಂಗಿಸಿತು.

ಅಷ್ಟರಲ್ಲಿ ಗ್ರಂಥಪಾಲಕ ಮರುಳಯ್ಯ ಒಂದು ಪೆನ್‌ಡ್ರೈವ್ ಚುಚ್ಚಿದ. ಅದು ನುಡಿಯಿತು: "ಅಜ್ಜಾ, ದೇಶದೇಶದವರು ಕೂಡಿ ಬರೆದು ಪ್ರಸಾದದಂತೆ ಹಂಚುವ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ತಂದಿದ್ದೇನೆ. ಆದರೆ ನಿನ್ನೊಳಗಿನ ಹಳೆಯದೆಲ್ಲ ಅಳಿಯಬೇಕು."

"ಅಯ್ಯೋ, ನನ್ನ ಸ್ತೋತ್ರಗಳು?"

"ಮರುಳಯ್ಯ ಅವನ್ನು ಈಗಷ್ಟೇ ನಕಲಿಸಿದ; ನನ್ನ ಮಡಿಲಲ್ಲಿ ಭದ್ರವಾಗಿವೆ. ಅಳಿಯುವುದು ಅಕ್ಷರ ಒಡೆಯುವ ನಿನ್ನ ಹಠ ಮಾತ್ರ."

"ಎಲ್ಲ ನಿನ್ನ ಚಿತ್ತ, ತಂದೆ," ಎಂದು ದೇವರಿಗೆ ಒಪ್ಪಿಸಿಕೊಂಡು ಕಂಪ್ಯೂಟರ್ ಕಣ್ಣು ಮುಚ್ಚಿತು.

ಕಣ್ಣು ತೆರೆದಾಗ ಅದು ಮೊದಲು ಬರೆದದ್ದು 'ಶ್ರೀ'. ಒತ್ತಕ್ಷರ ತನ್ನ ಜಾಗದಲ್ಲಿ ಮುದ್ದಾಗಿ ಕೂತಿತ್ತು! ಸ್ತೋತ್ರಗಳೂ ಒಂದೂ ಬಿಡದೆ ಮರಳಿ ಬಂದವು. ಮರುಳಯ್ಯ ಪರದೆಗೇ ಕೈಮುಗಿದ.

ಪ್ರಿಂಟರ್ ತಗ್ಗಿದ ದನಿಯಲ್ಲಿ ಕೇಳಿತು: "ಎಷ್ಟು ಪ್ರತಿ ತೆಗೆಯಲಿ, ಅಜ್ಜಾ?"

"ಮಠಕ್ಕೆ ಬಂದವರಿಗೆಲ್ಲ ಒಂದೊಂದು, ತಮ್ಮಾ. ಕಾಗದ ಮುಗಿಯುವವರೆಗೂ ನಿಲ್ಲಬೇಡ!"