ಹೊಸಿಲ ಮುಂದೆ ಇಬ್ಬರು ತಂಗಿಯರು

"ಏಳು ಕೋಟೆ ಹೊಕ್ಕವನು ನಾನು! ನನ್ನ ಮನೆಗೆ ನಾನೇ ಹೋಗೋಕಾಗ್ತಿಲ್ಲವಲ್ಲ!" ಎಂದು ಕೊಕ್ಕರೆಗಿರಿಯ ರಾಜ ದುಗ್ಗಭೂಪ ಆನೆಲಾಯದಲ್ಲಿ ಕೂತು ಗುಡುಗಿದ. ಹೊಸ ಅರಮನೆ ಎದುರಿಗೇ ಇತ್ತು. ಪಾಪ, ಮಲಗುವುದು ಮಾತ್ರ ಆನೆಯ ಪಕ್ಕದಲ್ಲಿ.

ಆ ವಂಶದ ಪದ್ಧತಿ ಹಾಗೆ. ಹಿರಿಯ ರಾಣಿ ಹೊಸಿಲ ಮೇಲಿನ ಅಕ್ಕಿಸೇರನ್ನು ಬಲಗಾಲಲ್ಲಿ ಒದ್ದು ಮೊದಲು ಒಳಗೆ ಹೋಗಬೇಕು. ರಾಜನೋ, ಇಬ್ಬರು ರಾಣಿಯರನ್ನೂ ಒಂದೇ ಮುಹೂರ್ತದಲ್ಲಿ ಕಟ್ಟಿಕೊಂಡಿದ್ದ; ಹಿರಿತನ ತೀರ್ಮಾನಿಸಲು ಉಳಿದದ್ದು ವಯಸ್ಸೊಂದೇ.

"ನೀವೇ ಮೊದಲು ಹೋಗಿ ಅಕ್ಕಾ" ಎಂದಳು ಲಕುಮಾದೇವಿ.

"ಅಯ್ಯೋ, ನೀವಿರುವಾಗ ನಾನೇ? ನೀವು ನಡೀರಿ ಅಕ್ಕಾ" ಎಂದಳು ಚಂಪಕಾದೇವಿ.

ವಯಸ್ಸು ಕೇಳಲು ಹೋದ ಜೋಯಿಸರ ಜುಟ್ಟು ಆಗಲೇ ಹಾರಿಹೋಗಿತ್ತು.

ರಾಜ ವಿದೂಷಕ ಬೊಮ್ಮರಸನನ್ನು ಕರೆದ. "ವಯಸ್ಸು ಕೇಳಕೂಡದು. ಸಂಜೆಯೊಳಗೆ ನಾನು ಒಳಗಿರಬೇಕು. ಇಲ್ಲದಿದ್ದರೆ ನಿನ್ನ ಮೀಸೆ ಬೋಳಿಸಿ ಈ ಆನೆಯ ಬಾಲಕ್ಕೆ ಕಟ್ಟಿಸ್ತೀನಿ!"

ಬೊಮ್ಮರಸನಿಗೆ ಮೀಸೆಯೆಂದರೆ ಪ್ರಾಣ. ರಾಣಿಯರ ಮುಂದೆ ಹೋಗಿ ಕೈಮುಗಿದ.

"ಅಮ್ಮಾ, ವಯಸ್ಸು ಯಾರಿಗೆ ಬೇಕು? ಎರಡನ್ನೂ ಕೂಡಿದರೆ ಎಷ್ಟು, ಗುಣಿಸಿದರೆ ಎಷ್ಟು, ಅಷ್ಟು ಹೇಳಿ ಸಾಕು. ಕೂಡಿ ಕಲಸಿದ ಮೇಲೆ ಯಾರದೂ ಬಯಲಾಗೋದಿಲ್ಲ."

ಒಬ್ಬಳ ಗುಟ್ಟು ಇನ್ನೊಬ್ಬಳಿಗೆ ಗೊತ್ತೇ ಇತ್ತು. ಊರಿಗೆ ಗೊತ್ತಾಗಬಾರದಷ್ಟೇ. ಇಬ್ಬರೂ ಪಿಸುಗುಟ್ಟಿ, ಬೆರಳು ಮಡಿಸಿ, ಜಗಳವಾಡಿ ಹೇಳಿದರು: "ಕೂಡಿದರೆ ಎಂಬತ್ತು. ಗುಣಿಸಿದರೆ ಸಾವಿರದ ಐನೂರ ಎಂಬತ್ತನಾಲ್ಕು."

"ಎಂಬತ್ತರಲ್ಲಿ ಅರ್ಧ ನಲವತ್ತು. ನಲವತ್ತು ನಲವತ್ತಲ ಸಾವಿರದ ಆರುನೂರು. ಅದರಲ್ಲಿ ನಿಮ್ಮ ಗುಣಲಬ್ಧ ಕಳೆದರೆ ಹದಿನಾರು. ಅದರ ವರ್ಗಮೂಲ ನಾಲ್ಕು. ನಲವತ್ತಕ್ಕೆ ನಾಲ್ಕು ಕೂಡು, ನಲವತ್ತರಲ್ಲಿ ನಾಲ್ಕು ಕಳೆ..." ಬೊಮ್ಮರಸ ಊರಿಗೇ ಕೇಳುವಂತೆ ಕೂಗಿದ: "ಒಬ್ಬರಿಗೆ ನಲವತ್ತನಾಲ್ಕು, ಇನ್ನೊಬ್ಬರಿಗೆ ಮೂವತ್ತಾರು!"

"ಮೂವತ್ತಾರು ನನ್ನದು!" ಎಂದರು ಇಬ್ಬರೂ ಒಟ್ಟಿಗೆ.

"ಇರಬಹುದಮ್ಮ. ನಲವತ್ತನಾಲ್ಕಾದವರಿಗೆ ಮೊಣಕಾಲು ಹಿಡಿದಿರುತ್ತೆ. ಅವರು ನಿಧಾನವಾಗಿ ಹಿಂದಿನಿಂದ ಬರಲಿ. ಊರೇ ನೋಡ್ತಾ ಇದೆ, ಅವಸರವೇನಿಲ್ಲ."

ಮಾತು ಮುಗಿಯುವ ಮೊದಲೇ ಇಬ್ಬರೂ ಸೆರಗು ಸಿಕ್ಕಿಸಿ ಓಟ ಕಿತ್ತರು. ಬಾಗಿಲಲ್ಲಿ ಭುಜಕ್ಕೆ ಭುಜ ಸಿಕ್ಕಿಕೊಂಡು, ಒದ್ದಾಡಿ, ಧೊಪ್ಪನೆ ಒಟ್ಟಿಗೇ ಒಳಗೆ ಬಿದ್ದರು. ಯಾರ ಕಾಲು ತಾಗಿತೋ, ಅಕ್ಕಿಸೇರು ಹಾರಿ ಬಾಗಿಲ ಪಕ್ಕ ಕಾದು ನಿಂತಿದ್ದ ಪುರೋಹಿತರ ಹೊಟ್ಟೆಗೆ ಬಡಿಯಿತು.

"ಆಯ್ತು, ಆಯ್ತು!" ಎಂದರು ಪುರೋಹಿತರು ಹೊಟ್ಟೆ ಹಿಡಿದುಕೊಂಡು. "ಹಿರಿಯರು ಯಾರೇ ಆಗಿರಲಿ, ಅವರಿಗಿಂತ ಮೊದಲು ಯಾರೂ ಹೋಗಿಲ್ಲ. ಪದ್ಧತಿ ಉಳಿಯಿತು!"

ರಾಜ ಒಳಗೆ ಹೋಗಿ ಹೊಸ ತೂಗುಮಂಚದ ಮೇಲೆ ಕಾಲು ಚಾಚಿದ. ಆದರೂ ಕುತೂಹಲ ಬಿಡಬೇಕಲ್ಲ. ಬೊಮ್ಮರಸನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ: "ಅಲ್ಲಯ್ಯಾ, ನಲವತ್ತನಾಲ್ಕು ಯಾರಿಗೆ? ನಿನ್ನ ಲೆಕ್ಕ ಅದನ್ನ ಹೇಳಲಿಲ್ಲವಲ್ಲ?"

"ಮಹಾಪ್ರಭು, ಇಬ್ಬರ ಕೈಹಿಡಿದ ತಮಗೇ ಕೇಳೋ ಧೈರ್ಯ ಬರಲಿಲ್ಲ. ಬಡಪಾಯಿ ಲೆಕ್ಕಕ್ಕೆ ಹೇಳೋ ಧೈರ್ಯ ಎಲ್ಲಿಂದ ಬರಬೇಕು?"

ರಾಜ ಗಹಗಹಿಸಲು ಬಾಯಿ ತೆರೆದ. ಬಾಗಿಲಲ್ಲಿ ಇಬ್ಬರೂ ರಾಣಿಯರು ನಿಂತಿದ್ದರು. ಅವನು ನಗುವನ್ನು ಶಲ್ಯದೊಳಗೆ ತುರುಕಿಕೊಂಡು, ಕೊರಳ ಮುತ್ತಿನ ಸರವನ್ನು ಬೊಮ್ಮರಸನ ಕೈಗೆ ದಾಟಿಸಿ, "ಓಡು!" ಎಂದ.