ತೆತ್ತಹೊಲ

ಮೇ ಹದಿನಾಲ್ಕು. ಮೋಡವಿಲ್ಲ, ಬಿಸಿಗಾಳಿ. ನಮ್ಮೂರ ಹಳ್ಳದ ದಂಡೆಗುಂಟ ಕಪ್ಪು ಎರೆಹೊಲಗಳಿವೆ. ಅವುಗಳ ನಡುವೆ ಬರೀ ಗರಸು, ಸಣ್ಣ ಹರಳುಕಲ್ಲು ಹಾಸಿದ ಒಂದು ಬಯಲು. ಅದರ ಹೆಸರು ತೆತ್ತಹೊಲ. ಪಕ್ಕದ ಹೊಲದ ಮೇಲ್ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಒಯ್ಯಲು ಟಿಪ್ಪರ್ ತಂದಿದ್ದ ಗುತ್ತಿಗೆದಾರ ಆ ಬಯಲಿನಲ್ಲಿ ನಿಂತು, ಹೆಸರು ಕೇಳಿ ನಕ್ಕ. “ಹೊಲ ಏನ್ ತೆರತೈತ್ರೀ? ಮಣ್ಣಂದ್ರ ಮಣ್ಣು, ಎಲ್ಲಾ ಒಂದ.” ಬೇರೆಲ್ಲಾದರೂ ಆಗಿದ್ದರೆ ಸುಮ್ಮನಿರುತ್ತಿದ್ದೆ. ಇಲ್ಲಿ ನಿಂತು ಆಡುವ ಮಾತಲ್ಲ ಅದು. ಹೇಳಬೇಕಾಯಿತು.

ಹಿಂದೆ ಒಮ್ಮೆ ಈ ಸೀಮೆಯ ದೇಸಾಯಿ ಹೊಸ ವಾಡೆ ಕಟ್ಟಿಸಿದನಂತೆ. ಗೋಡೆಗೆ ಗುಡ್ಡದ ಜಿಗುಟು ಮಣ್ಣು ತರುವುದು ಊರ ರೂಢಿ. ದೇಸಾಯಿಗೆ ಅದು ಬಡವರ ಮಣ್ಣು ಎನಿಸಿತು. ಊರಿನಲ್ಲಿ ಒಳ್ಳೆಯದೆನಿಸಿದ್ದೇ ತನ್ನ ಗೋಡೆಗೆ ಬೇಕೆಂದು ರೈತರ ಹೊಲಗಳ ಮೇಲ್ಪದರವನ್ನೇ ಹೆರೆಸಿದ. ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ತಿಪ್ಪೆಗೊಬ್ಬರ ಹಾಕಿ, ಒಡ್ಡು ಕಟ್ಟಿ ತಲೆಮಾರುಗಳು ಸಾಕಿದ ಮಣ್ಣು ಅದು. ಯಾರನ್ನೂ ಕೇಳಲಿಲ್ಲ. ಗುರುಸಿದ್ದವ್ವನೆಂಬ ಒಕ್ಕಲಗಿತ್ತಿ ಮಾತ್ರ ಬಂಡಿಗೆ ಅಡ್ಡ ನಿಂತಳು. “ಧಣೇರ, ಇದು ಉಣ್ಣಿಸೋ ಮಣ್ಣು, ನಿಲ್ಲೋ ಮಣ್ಣಲ್ಲ.” “ಮಣ್ಣಿಗೂ ಜಾತಿ ಹಚ್ಚಿದೇನಬೇ?” ಎಂದು ದೇಸಾಯಿ ನಕ್ಕು ಬಂಡಿ ಹೊಡೆಸಿದ.

ಮುಂಗಾರು ಬಿದ್ದಾಗ ಗೋಡೆ ಮೊಳೆಯಿತು ಎನ್ನುತ್ತಾರೆ. ನವಣೆ, ಕರಿಕೆ, ಉತ್ರಾಣಿ, ಎಲ್ಲ ಗೋಡೆಯಲ್ಲೇ. ಆಡುಗಳು ವಾಡೆಯನ್ನು ಮೇಯತೊಡಗಿದವು. ಬೇರು ಬಿಟ್ಟಲ್ಲೆಲ್ಲ ಬಿರುಕು. ಕೊನೆಗೆ ಗೋಡೆ ಕುಸಿಯಿತು. ಊರು ನಕ್ಕಿತು. ಹೆರೆದ ಹೊಲಗಳಲ್ಲಿ ನೀರು ಇಂಗದೆ ಬಿತ್ತಿದ ಬೀಜ ಕೊಚ್ಚಿಹೋದಾಗ ಆ ನಗು ಸತ್ತಿತು. ದೇಸಾಯಿ ನೆಲದೊಳಗಿನ ಹಗೇವು ತೆರೆಸಿ ಜೋಳ ಕೊಡಬಂದ. “ಜೋಳ ಉಂಡರ ತೀರತೈತಿ, ಮಣ್ಣು ಕೊಡ್ರಿ,” ಎಂದಳು ಗುರುಸಿದ್ದವ್ವ. ದೇಸಾಯಿ ಬಿದ್ದ ಗೋಡೆಯನ್ನೇ ತೋರಿಸಿದ. ಸುಣ್ಣ ಬೆರೆತ ಆ ಹೆಂಟೆಗಳನ್ನು ಅವಳು ಕಾಲಿನಿಂದ ಸರಿಸಿದಳು. ತಮ್ಮ ಮಣ್ಣು ತಮಗೆ ಬರುವವರೆಗೆ ಅವನ ಹೊಲದಲ್ಲಿ ನೇಗಿಲು ಹೂಡುವುದಿಲ್ಲವೆಂದು ಊರು ಪಟ್ಟು ಹಿಡಿಯಿತು.

ಗುತ್ತಿಗೆದಾರ ಟಿಪ್ಪರಿನ ಕಡೆಗೊಮ್ಮೆ ನೋಡಿದ. “ಕಡೀಕ ಏನ್ ಕೊಟ್ಟನ್ರೀ ಆತ?”

ಈ ಬಯಲಿಗೆ ಬಂದವರು ಇಂದಿಗೂ ಕಾಣುವುದು ಗರಸು, ಅದರ ಮೇಲೆ ಬಿಸಿಲು. ಎಷ್ಟು ಮಳೆಗಾಲ ಕಳೆದರೂ ಇಲ್ಲಿ ಕರಿಕೆ ಕೂಡ ಬೇರೂರಿಲ್ಲ. ಗುತ್ತಿಗೆದಾರನ ಕಾಲಡಿಯ ಹರಳುಗಳನ್ನು ತೋರಿಸಿದೆ.

“ನೀವು ನಿಂತಿರುವುದು ದೇಸಾಯಿಯ ಎಲ್ಲಕ್ಕಿಂತ ಒಳ್ಳೆ ಹೊಲ. ಇದರ ಮಣ್ಣಷ್ಟನ್ನೂ ಬುಟ್ಟಿ ಹೊತ್ತು ಆ ರೈತರ ಹೊಲಗಳಿಗೆ ಹಾಕಿದ.”