ಹೊಂಗೆ ನೆರಳಿನ ಮಂಚ

ದೊಡ್ಡೀರೇಗೌಡರು ದಿನಾ ಮಧ್ಯಾಹ್ನ ಉಂಡು, ಹೊಂಗೆ ಮರದ ನೆರಳಲ್ಲಿ ಮಂಚ ಹಾಕಿಸಿ ಮಲಗುವವರು. ನೆರಳು ಸರಿದಂತೆಲ್ಲ, ದಿನಕ್ಕೆ ಮೂರು ಸಲ, ಮಂಚ ಎಳೆಯುವುದು ಆಳಿನ ಕೆಲಸ. ಅದರಲ್ಲೇ ಅವನ ಮನೆಯ ಮುದ್ದೆ ಬೇಯಬೇಕು. ಆಳೇ ಇರಬಹುದು, ಆದರೆ ನಮ್ಮೂರಿನವನು! ತಲೆ ಓಡಿಸುವುದರಲ್ಲಿ ಸುತ್ತೇಳು ಹಳ್ಳಿಯಲ್ಲಿ ಅವನಿಗೆ ಸಾಟಿಯಿಲ್ಲ.

ಒಂದು ದಿನ ಅವನು, "ಭೂಮಿ ಬುಗುರಿ ಹಂಗೆ ತಿರುಗ್ತದಂತೆ ಗೌಡ್ರೇ, ಮೇಷ್ಟ್ರು ಹೇಳಿದ್ರು" ಎಂದ.

ಗೌಡರ ಮೀಸೆ ಕುಣಿಯಿತು. "ನನ್ನ ಅಪ್ಪಣೆ ಇಲ್ದೆ ನನ್ನ ಭೂಮಿ ತಿರುಗೋದಾ? ಇನ್ನೊಂದ್ಸಲ ಅಂದ್ರೆ ಕೆಲಸ ಬಿಟ್ಟು ನಡಿ!"

"ಆಗ್ಲಿ ಬುದ್ಧಿ, ತಿರುಗಲ್ಲ" ಎಂದು ಆಳು ಕೈಕಟ್ಟಿ ಕೂತ.

ಗೌಡರಿಗೆ ಜೊಂಪು ಹತ್ತಿತು. ನೆರಳು ಸರಿಯಿತು. ಬಿಸಿಲು ಮೊದಲು ಕಾಲಿಗೆ, ಆಮೇಲೆ ಹೊಟ್ಟೆಗೆ, ಕೊನೆಗೆ ಬೋಳುತಲೆಗೇ ಬಡಿಯಿತು. ಎದ್ದು ತಾವೇ ಎಳೆದರೆ ಗೌಡಿಕೆಗೆ ಕುಂದು.

"ಲೋ, ಮಂಚ ಎಳೆಯೋ!"

"ಯಾಕೆ ಬುದ್ಧಿ? ಭೂಮಿ ಇದ್ದಲ್ಲೇ ಇದೆಯಲ್ಲ."

"ಸೂರ್ಯ ಸರಿದಿದಾನೆ ಕಣೋ!"

"ಹಂಗಾದ್ರೆ ಅವನಿಗೇ ಅಪ್ಪಣೆ ಮಾಡಿ, ವಾಪಸ್ ಹೋಗ್ತಾನೆ. ಭೂಮಿ ತಿರುಗಿದ್ರೆ ಹೇಳಿ, ಮಂಚ ಎಳೆಯೋಕೆ ನಾನಿದೀನಿ."

ಗೌಡರ ತಲೆ ಕಾದ ಹಂಚಾಗಿತ್ತು. "ತಿರುಗಿತು ಕಣೋ, ತಿರುಗಿತು! ಎಳಿ!"

"ಅಪ್ಪಣೆ ಆಯ್ತಲ್ಲ, ಸಾಕು" ಎಂದು ಆಳು ಮಂಚ ಎಳೆದ.

ಅವತ್ತಿನಿಂದ ನಮ್ಮೂರಲ್ಲಿ ಭೂಮಿ ದಿನಕ್ಕೆ ಮೂರು ಸಲ ತಿರುಗುತ್ತದೆ, ಅದೂ ಗೌಡರ ಅಪ್ಪಣೆ ಪಡೆದೇ.